ಪ್ರಾಚೀನ ದೇವಾಲಯಗಳ ರಾತ್ರಿ ಛಾಯಾಚಿತ್ರ: ಮೌಲ್ಯನಿರ್ಣಯದ ಕೆಲವು ಪ್ರಶ್ನೆಗಳು
(ಬಳ್ಳಾರಿ, ಸಿರುಗುಪ್ಪ, ಕುರುಗೋಡು ಪರಿಸರವನ್ನು ಅನುಲಕ್ಷಿಸಿ)

ದೇವಾಲಯ ವಾಸ್ತುವಿನ ಅಧ್ಯಯನದಲ್ಲಿ ಛಾಯಾಚಿತ್ರವು ಶಾಸನದ ಪಡಿಯಚ್ಚಿನಷ್ಟೇ ಆಧಾರಯೋಗ್ಯ ಸಾಮಗ್ರಿಯೆಂದು ಬಹುಕಾಲದಿಂದ ಪರಿಗಣಿತವಾಗಿದೆ. ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ 1856ರಲ್ಲಿ ಹಂಪಿಯ ಸ್ಮಾರಕಗಳನ್ನು ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ ಸೆರೆಹಿಡಿದನು. 1980ರ ದಶಕದಲ್ಲಿ ಜಾನ್ ಗೋಲಿಂಗ್ಸ್ ಅವರು ಅದೇ ನಿಲುವುಗಳಿಂದ ಮರಳಿ ಚಿತ್ರಿಸಿದ ಮೇಲೆ, ಯಾವ ಭಾಗ ಕುಸಿದಿದೆ, ಯಾವುದು ದುರಸ್ತಿಗೊಂಡಿದೆ ಎಂಬುದನ್ನು ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ಹೇಳಲು ಸಾಧ್ಯವಾಯಿತು. ಅವಿಭಜಿತ ಬಳ್ಳಾರಿ ಜಿಲ್ಲೆಯ ಚಾಲುಕ್ಯ ದೇವಾಲಯಗಳನ್ನು ಕುರಿತ ಅಲೆಗ್ಸಾಂಡರ್ ರೀಯ ಗ್ರಂಥ 1896ರಲ್ಲಿ ಪ್ರಕಟವಾಯಿತು. ಈ ಪರಂಪರೆಯೆಲ್ಲ ಬಹುಮಟ್ಟಿಗೆ ಹಗಲಿನದು. ಡಿಜಿಟಲ್ ಕ್ಯಾಮೆರಾದ ಬಳಕೆ ವ್ಯಾಪಕವಾದ ತರುವಾಯ ರಾತ್ರಿಯ ಚಿತ್ರಗಳು ಹೇರಳವಾಗಿ ಬರತೊಡಗಿದವು, ಸ್ಪರ್ಧೆಗಳಲ್ಲಿ ಪುರಸ್ಕೃತವೂ ಆದವು. ಆದರೆ ಅವುಗಳನ್ನು ಅಳೆಯುವ ಕೋಲು ಮಾತ್ರ ಹಗಲಿನ ಚಿತ್ರಗಳಿಗಾಗಿ ಸಿದ್ಧವಾದುದೇ ಆಗಿ ಉಳಿದಿದೆ.

ಸ್ಪರ್ಧೆಗಳ ತೀರ್ಪಿನ ಕ್ರಮವನ್ನು ಇಲ್ಲಿ ಗಮನಿಸಬೇಕು. ಸಾಮಾನ್ಯವಾಗಿ ಮೂವರು ತೀರ್ಪುಗಾರರ ಮುಂದೆ ಚಿತ್ರವೊಂದು ಕೆಲವೇ ಕ್ಷಣ ಪರದೆಯ ಮೇಲೆ ಮೂಡಿ ಮರೆಯಾಗುತ್ತದೆ. ಅಷ್ಟರಲ್ಲಿ ಅಂಕ ಬಿದ್ದಿರಬೇಕು. ಆ ಅವಧಿಯಲ್ಲಿ ಗೆಲ್ಲುವುದು ಆಕಾಶ, ಕಲ್ಲಲ್ಲ. ನೀಲಿ ಬಾನು, ಕಿತ್ತಳೆ ಬಣ್ಣದ ಗೋಪುರ, ನಡುವೆ ಆಕಾಶಗಂಗೆ ಎಂಬ ಸಿದ್ಧ ಮಾದರಿಯೊಂದು ಹೀಗೆಯೇ ಬೆಳೆದುಬಂದಿದೆ. ನಿಸರ್ಗ ಛಾಯಾಗ್ರಹಣಕ್ಕೆ ಅಂತಾರಾಷ್ಟ್ರೀಯ ಸಂಸ್ಥೆಗಳು ಒಟ್ಟಾಗಿ ರೂಪಿಸಿದ ಕಟ್ಟುನಿಟ್ಟಾದ ವ್ಯಾಖ್ಯೆ 2015ರಿಂದ ಜಾರಿಯಲ್ಲಿದೆ. ಪ್ರವಾಸ ವಿಭಾಗದಲ್ಲಿಯೂ ಚಿತ್ರಕ್ಕೆ ಏನನ್ನಾದರೂ ಸೇರಿಸುವುದು, ತೆಗೆಯುವುದು ನಿಷಿದ್ಧ. ದೇವಾಲಯದ ರಾತ್ರಿ ಚಿತ್ರವಾದರೋ ಬಹುತೇಕ ಮುಕ್ತ ವಿಭಾಗಕ್ಕೆ ಸಲ್ಲುವುದರಿಂದ ಅದಕ್ಕೆ ಇಂಥ ಯಾವ ಬೇಲಿಯೂ ಇಲ್ಲ. ಬೇಲಿ ಇರಲೇಬೇಕೆಂದಿಲ್ಲ; ಕಲ್ಪನೆಯ ಚಿತ್ರಕ್ಕೂ ಅದರದೇ ಗೌರವವಿದೆ. ಆದರೆ ಪ್ರಶಸ್ತಿ ಪಡೆದ ಚಿತ್ರ ನಾಳೆ ಗ್ರಂಥಾಲಯದಲ್ಲಿ ಸ್ಮಾರಕದ ದಾಖಲೆಯಾಗಿ ಕುಳಿತುಕೊಳ್ಳುತ್ತದೆ ಎಂಬುದೇ ತೊಡಕು.

ಆದಕಾರಣ ತೀರ್ಪುಗಾರನು ಕೇಳಬೇಕಾದ ಮೊದಲ ಪ್ರಶ್ನೆ ಸೌಂದರ್ಯದ್ದಲ್ಲ, ಬೆಳಕಿನ ಮೂಲದ್ದು: ಈ ಚಿತ್ರದಲ್ಲಿರುವ ಬೆಳಕು ಯಾರದು? ದೇವಾಲಯದ್ದೇ ದೀಪವೇ, ಇತರರು ನೆಟ್ಟ ಫ್ಲಡ್‌ಲೈಟೇ, ಛಾಯಾಗ್ರಾಹಕ ಹಿಡಿದು ತಂದ ಟಾರ್ಚೇ, ಇಲ್ಲವೇ ಚಂದ್ರನೇ?

ಕಲ್ಯಾಣ ಚಾಲುಕ್ಯರ ಮಾಂಡಲಿಕರಾಗಿದ್ದ ಸಿಂದರು ಆಳಿದ ಕುರುಗೋಡಿನಲ್ಲಿ ಈ ಪ್ರಶ್ನೆ ತೀಕ್ಷ್ಣವಾಗುತ್ತದೆ. ಆ ಕಾಲದ ದೇವಾಲಯಗಳ ಒಳಾಂಗಣ ಬೆಳಕಿನ ಇಳಿತವನ್ನು ಅನುಸರಿಸಿ ರೂಪುಗೊಂಡಿದೆ. ತೆರೆದ ಮಂಟಪದಿಂದ ನವರಂಗಕ್ಕೆ, ಅಲ್ಲಿಂದ ಅಂತರಾಳಕ್ಕೆ, ಕೊನೆಗೆ ಗರ್ಭಗೃಹಕ್ಕೆ ಹೋದಂತೆ ಕತ್ತಲೆ ಗಟ್ಟಿಯಾಗುತ್ತದೆ; ತಿರುಗಣಿಯಲ್ಲಿ ಕಡೆದ ಕಂಬಗಳ ನುಣುಪು ದೀಪದ ಎಳೆಯೊಂದನ್ನು ಹಿಡಿದು ಮುಂದಕ್ಕೆ ದಾಟಿಸುತ್ತದೆ. ಹತ್ತಾರು ಎಕ್ಸ್‌ಪೋಷರ್‌ಗಳನ್ನು ಬೆಸೆದು ಮೂಲೆಮೂಲೆಯನ್ನೂ ಬೆಳಗಿಸಿದ ಚಿತ್ರ ತಾಂತ್ರಿಕವಾಗಿ ನಿರ್ದುಷ್ಟವೆನಿಸಬಹುದು. ಆದರೆ ಈ ಇಳಿತವನ್ನೇ ಅಳಿಸಿದ ಅದು ವಾಸ್ತುವನ್ನು ತಪ್ಪಾಗಿ ಓದಿದೆ. ದೊಡ್ಡಬಸವೇಶ್ವರ ಗುಡಿಯಲ್ಲಿ ನಂದಿಯೇ ಮೂಲಮೂರ್ತಿ. ಎಣ್ಣೆ ಹೀರಿದ ಕಲ್ಲಿನ ಮೇಲೆ ನೇರವಾಗಿ ಹಾಯಿಸಿದ ಫ್ಲ್ಯಾಶ್ ಮುಖದ ಮೇಲೊಂದು ಬಿಳಿಯ ಕಲೆಯನ್ನಷ್ಟೇ ಉಳಿಸುತ್ತದೆ. ಪಕ್ಕದ ದೀಪದ ಬೆಳಕಿನಲ್ಲಿ ಮೈಯ ಅರ್ಧಭಾಗ ನೆರಳಿನಲ್ಲಿ ಉಳಿದರೂ ಆ ಏಕಶಿಲೆಯ ಗಾತ್ರ ತಿಳಿಯುತ್ತದೆ.

ಇದರಿಂದ ಹೊರಗಿನ ಬೆಳಕೆಲ್ಲ ತ್ಯಾಜ್ಯವೆಂದು ತಿಳಿಯಬೇಕಾಗಿಲ್ಲ. ಸವೆದ ಶಾಸನವನ್ನು ನಡುಹಗಲಿನಲ್ಲಿ ಓದಲಾಗದೆ, ಕತ್ತಲಾದ ಮೇಲೆ ಬದಿಯಿಂದ ಓರೆಯಾಗಿ ದೀಪ ಹಿಡಿದು ಅಕ್ಷರಗಳನ್ನು ಬಿಡಿಸಿಕೊಳ್ಳುವ ಕ್ರಮ ಶಾಸನ ಸಂಶೋಧಕರಿಗೆ ಹೊಸದಲ್ಲ. ಓರೆಬೆಳಕು ಗೀರಿನ ಅಂಚಿಗೊಂದು ನೆರಳು ಕೊಡುತ್ತದೆ. ಬಾಗಳಿ, ಕುರುವತ್ತಿಗಳ ಬಳಪದ ಕಲ್ಲಿನ ಸೂಕ್ಷ್ಮ ಕೆತ್ತನೆಗೆ ಇದು ಒಪ್ಪುವಷ್ಟೇ ಕಣಶಿಲೆಯ ಒರಟು ಮೈಗೂ ಒಪ್ಪುತ್ತದೆ. ಹಗಲು ತೋರಿಸದಿದ್ದ ಉಳಿಯ ಗುರುತನ್ನು ರಾತ್ರಿಯ ಚಿತ್ರ ತೋರಿಸಿದರೆ ಅದರ ಸಂಶೋಧನಾ ಮೌಲ್ಯ ಅಲ್ಲಿಯೇ ಸಿದ್ಧವಾಯಿತು. ಬಣ್ಣಬಣ್ಣದ ಎಲ್‌ಇಡಿ ಬೆಳಕಿನಲ್ಲಿ ತೆಗೆದ ಚಿತ್ರದಿಂದ ಕಲ್ಲಿನ ಜಾತಿಯನ್ನೂ ಹೇಳಲಾಗದು.

ಸಿರುಗುಪ್ಪ ಪರಿಸರದ ಸಮಸ್ಯೆ ಬೇರೆ ಬಗೆಯದು. ಅಲ್ಲಿ ಭತ್ತದ ಗದ್ದೆಗಳ ಬಯಲು, ತುಂಗಭದ್ರೆಯ ದಂಡೆ, ಕೆಂಚನಗುಡ್ಡದಂಥ ಊರುಗಳಲ್ಲಿ ನಗರಕ್ಕಿಂತ ಕಪ್ಪಾದ ಆಕಾಶ ದೊರೆಯುತ್ತದೆ. ಅದರೊಂದಿಗೆ ಬೇರೆಡೆಯ ಆಕಾಶವನ್ನು ತಂದು ಅಂಟಿಸುವ ಆಸೆಯೂ ಬರುತ್ತದೆ. ಇದನ್ನು ಪತ್ತೆಹಚ್ಚಲು ತೀರ್ಪುಗಾರನಿಗೆ ಯಂತ್ರವೇನೂ ಬೇಡ. ದೇವಾಲಯ ಯಾವ ದಿಕ್ಕಿಗಿದೆ ಎಂಬುದು ಗೊತ್ತಿದ್ದರೆ ಸಾಕು. ಈ ಮೂರೂ ಊರುಗಳು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಇಲ್ಲಿ ಧ್ರುವನಕ್ಷತ್ರ ದಿಗಂತದಿಂದ ಸುಮಾರು 15 ಡಿಗ್ರಿ ಮಾತ್ರ ಮೇಲಿರುತ್ತದೆ, ಅಂದರೆ ಚಾಚಿದ ಕೈಯ ಒಂದೂವರೆ ಮುಷ್ಟಿಯಷ್ಟು. ನಕ್ಷತ್ರಗಳ ಚಲನೆಯ ವೃತ್ತಗಳು ಶಿಖರದ ನೆತ್ತಿಯ ಮೇಲೆ ಬಾನಿನ ಅರ್ಧಕ್ಕೆ ಕೇಂದ್ರೀಕೃತವಾಗಿದ್ದರೆ ಆ ಆಕಾಶ ಈ ನಾಡಿನದಲ್ಲ. ಆಕಾಶಗಂಗೆಯ ಪ್ರಕಾಶಮಾನವಾದ ನಡುಭಾಗವೂ ಇಲ್ಲಿ ಆಗ್ನೇಯದತ್ತ ಹುಟ್ಟಿ, ದಕ್ಷಿಣದಲ್ಲಿ ಸುಮಾರು 46 ಡಿಗ್ರಿಯವರೆಗೆ ಏರಿ, ನೈಋತ್ಯದತ್ತ ಮುಳುಗುತ್ತದೆ. ಉತ್ತರಕ್ಕೆ ಮುಖ ಮಾಡಿದ ಕ್ಯಾಮೆರಾಕ್ಕೆ ಅದು ಎಂದಿಗೂ ಸಿಗದು. ಚಂದ್ರನ ವಿಷಯವೂ ಹೀಗೆಯೇ. ಪೂರ್ವಾಭಿಮುಖವಾದ ಗುಡಿಯ ಮುಂಭಾಗ ಹುಣ್ಣಿಮೆಯಂದು ಬೆಳಗುವುದು ಇರುಳಿನ ಮೊದಲ ಭಾಗದಲ್ಲಿ; ನಸುಕಿನ ಹೊತ್ತಿಗೆ ಬೆಳಕು ಹಿಂಬದಿಗೆ ಸರಿದಿರುತ್ತದೆ. ಹುಣ್ಣಿಮೆಯ ಬೆಳಕು ಬಿಸಿಲಿಗಿಂತ ಸುಮಾರು 4 ಲಕ್ಷ ಪಟ್ಟು ಮಂದ, ಆದರೆ ನೀಲಿಯಲ್ಲ. ರಾತ್ರಿಯೆಂದರೆ ನೀಲಿ ಎಂಬುದು ಸಿನಿಮಾ ಕಲಿಸಿದ ರೂಢಿ.

ಬಳ್ಳಾರಿ ನಗರಕ್ಕೆ ಬಂದರೆ ಕತ್ತಲೆಯೇ ಅಪರೂಪ. ಕನಕದುರ್ಗಮ್ಮನ ಗುಡಿಯಲ್ಲಿ ಸಿಡಿಬಂಡಿ ಉತ್ಸವದ ಇರುಳು ಸೀರಿಯಲ್ ಸೆಟ್‌ಗಳು, ಅಂಗಡಿ ದೀಪಗಳು, ಜನಸಂದಣಿ ಎಲ್ಲವೂ ಒಟ್ಟಾಗಿ ಬೆಳಗುತ್ತವೆ. ಇಂತಹ ಚಿತ್ರದಿಂದ ತಂತಿ, ಬಲ್ಬು, ಜನರನ್ನು ಅಳಿಸಿ ಬರಿಯ ವಾಸ್ತುವನ್ನು ಉಳಿಸುವವರಿದ್ದಾರೆ. ಅದನ್ನು ಸ್ವಚ್ಛತೆಯೆಂದು ಮೆಚ್ಚುವ ತೀರ್ಪುಗಾರರೂ ಇದ್ದಾರೆ. ಪೂಜೆ ನಡೆಯುವ ಗುಡಿಗೆ ಭಕ್ತರು ಕಟ್ಟಿದ ದೀಪ ಅಂದದ್ದಿರಲಿ ಇಲ್ಲದಿರಲಿ, ಅದು ಆ ಗುಡಿಯ ಇಂದಿನ ಚರಿತ್ರೆ. ಕುಡತಿನಿಯ ಉಷ್ಣವಿದ್ಯುತ್ ಸ್ಥಾವರ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗಳ ಕಡೆಯ ದಿಗಂತದ ಮಬ್ಬು ಹೊಳಪಿಗೂ ಇದೇ ಮಾತು ಸಲ್ಲುತ್ತದೆ. ಅದನ್ನು ಒರೆಸಿ ಹಾಕಿದ ಚಿತ್ರದಿಂದ ಮುಂದಿನ ಸಂಶೋಧಕ ಜಿಲ್ಲೆಯ ಆಕಾಶ ಹೇಗಿತ್ತೆಂದು ತಿಳಿಯಲಾರ.

ಇನ್ನೊಂದು ಪ್ರಾಯೋಗಿಕ ಅಂಶವಿದೆ. ಭಾರತೀಯ ಪುರಾತತ್ತ್ವ ಸರ್ವೇಕ್ಷಣದ ಸಂರಕ್ಷಿತ ಸ್ಮಾರಕಗಳು ಸಾಮಾನ್ಯವಾಗಿ ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಮಾತ್ರ ತೆರೆದಿರುತ್ತವೆ. ಟ್ರೈಪಾಡ್ ಬಳಸಲು ಪ್ರತ್ಯೇಕ ಅನುಮತಿ ಬೇಕು. ರಾತ್ರಿ 9ರವರೆಗೆ ತೆರೆದಿಡಲು 2019ರಲ್ಲಿ ಆಯ್ದ ದೇಶದ 10 ಸ್ಮಾರಕಗಳಲ್ಲಿ ಕರ್ನಾಟಕದಿಂದ ಸೇರಿದವು ಪಟ್ಟದಕಲ್ಲು ಮತ್ತು ಗೋಳಗುಮ್ಮಟ. ಹೀಗಾಗಿ ಸಂರಕ್ಷಿತ ಸ್ಮಾರಕದ ನಡುರಾತ್ರಿಯ ಚಿತ್ರ ಸ್ಪರ್ಧೆಗೆ ಬಂದಾಗ ಅನುಮತಿಯ ಪ್ರಶ್ನೆ ತಾನಾಗಿ ಏಳುತ್ತದೆ. ಅದನ್ನು ಕೇಳುವುದು ಕಲಾವಿದನ ಮೇಲಿನ ಅನುಮಾನವಲ್ಲ. ಪ್ರವೇಶಪತ್ರದಲ್ಲಿ ಶೀರ್ಷಿಕೆಗೆ ಮೀಸಲಾದ ಸಾಲಿನ ಕೆಳಗೆ ಊರು, ಗುಡಿಯ ಹೆಸರು, ದಿನಾಂಕ, ಗಂಟೆ, ಕ್ಯಾಮೆರಾ ನೋಡಿದ ದಿಕ್ಕು, ಬೆಳಕಿನ ಮೂಲ, ಎಷ್ಟು ಎಕ್ಸ್‌ಪೋಷರ್‌ಗಳನ್ನು ಬೆಸೆದದ್ದು ಎಂಬ ವಿವರಗಳಿಗೂ ಜಾಗ ಮಾಡಿದರೆ, ಪರದೆಯ ಮೇಲಿನ ಕೆಲವು ಕ್ಷಣಗಳಿಗೆ ಮುನ್ನವೇ ತೀರ್ಪುಗಾರನು ಅದನ್ನು ಓದಿಕೊಳ್ಳಬಹುದು. ಚಿತ್ರ ಗ್ರಂಥಾಲಯಕ್ಕೆ ಸೇರಿದಾಗ ಆ ವಿವರವೂ ಅದರ ಜತೆಯಲ್ಲಿಯೇ ಹೋಗುತ್ತದೆ.