ಹಡಗು ತಾರದ ಊಟ

ಹವಾಯಿಯ ಹಿಲೋ ಊರಿನಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಜ್ವಾಲಾಮುಖಿ ಉಗುಳಿದ ಬೂದಿ, ಲಾವಾದಿಂದಾದ ಮಣ್ಣು. ಹನ್ನೆರಡು ತಿಂಗಳೂ ಹಿತವಾದ ಬಿಸಿಲು. ಏನು ನೆಟ್ಟರೂ ಚಿಗುರುವ ನೆಲ ಅದು. ಆದರೂ ಆ ದ್ವೀಪಗಳ ಜನ ಉಣ್ಣುವುದರಲ್ಲಿ ನೂರಕ್ಕೆ 85ರಿಂದ 90 ಪಾಲು ಹೊರಗಿನದು ಎಂಬ ಅಂದಾಜು ಬಹಳ ವರ್ಷಗಳಿಂದ ಚಾಲ್ತಿಯಲ್ಲಿದೆ. ಕೋಸು, ಮೊಟ್ಟೆ, ಕೋಳಿ ಎಲ್ಲವೂ ಸುಮಾರು 4,000 ಕಿಲೋಮೀಟರ್ ಸಮುದ್ರ ದಾಟಿ ಅಂಗಡಿಯ ಕಪಾಟು ಸೇರುತ್ತವೆ. 1920ರ ಜೋನ್ಸ್ ಕಾಯ್ದೆಯ ಪ್ರಕಾರ ಅಮೆರಿಕದ ಒಂದು ಬಂದರಿನಿಂದ ಇನ್ನೊಂದಕ್ಕೆ ಸರಕು ಒಯ್ಯುವ ಹಡಗು ಅಮೆರಿಕದಲ್ಲೇ ಕಟ್ಟಿದ್ದಿರಬೇಕು, ಅಲ್ಲಿಯವರದೇ ಇರಬೇಕು. ಆ ಖರ್ಚೂ ಕೊನೆಗೆ ಗಿರಾಕಿಯ ಚೀಲದ ಮೇಲೇ ಬೀಳುತ್ತದೆ.

ಒಂದು ಕಾಲಕ್ಕೆ ಕೆಲವು ಲಕ್ಷ ಜನರನ್ನು ಹೊರಗಿನ ಒಂದು ಕಾಳೂ ಇಲ್ಲದೆ ಸಾಕಿದ ದ್ವೀಪಗಳಿವು. ಬೆಟ್ಟದ ನೆತ್ತಿಯಿಂದ ಕಡಲ ತನಕ ನೀರಿನ ಜಾಡು ಹಿಡಿದು ಜಮೀನನ್ನು ಹಂಚಿಕೊಳ್ಳುವ 'ಅಹುಪುವಾ' ಪದ್ಧತಿಯಲ್ಲಿ ಮೇಲೆ ಕಾಡು, ನಡುವೆ ಗದ್ದೆ, ಕೆಳಗೆ ಮೀನಿನ ಕೊಳ ಇರುತ್ತಿದ್ದವು. ಹತ್ತೊಂಬತ್ತನೆಯ ಶತಮಾನದಲ್ಲಿ ಕಬ್ಬಿನ ತೋಟ ಬಂತು, ಆಮೇಲೆ ಅನಾನಸ್ ತೋಟ ಬಂತು. ನೀರು, ಆಳು, ನೆಲ ಮೂರೂ ರಫ್ತಿನ ಬೆಳೆಗೆ ಹೋದವು. ಕೊನೆಯ ಸಕ್ಕರೆ ಕಾರ್ಖಾನೆ ಮೌಯಿ ದ್ವೀಪದ ಪುವುನೆನೆಯಲ್ಲಿ 2016ರ ಡಿಸೆಂಬರಿನಲ್ಲಿ ಮುಚ್ಚಿತು. ತೋಟಗಳು ಹೋದವು, ಹಡಗಿನ ಅಭ್ಯಾಸ ಉಳಿಯಿತು.

ಹೀಗಾಗಿ ಅಲ್ಲಿ ಊರ ಬೆಳೆಯನ್ನು ಉಣ್ಣಬೇಕೆಂದರೆ ಹುಡುಕಲು ಕಲಿಯಬೇಕು. ಮೊದಲ ಜಾಗ ಸಂತೆ. ಹಿಲೋ ಸಂತೆ 1988ರಲ್ಲಿ ಬೆರಳೆಣಿಕೆಯ ರೈತರು ಗಾಡಿಯ ಹಿಂಬದಿಯಲ್ಲೇ ಮಾರಾಟ ಮಾಡುವುದರೊಂದಿಗೆ ಶುರುವಾಯಿತು. ಬುಧವಾರ, ಶನಿವಾರ ಅದರ ದೊಡ್ಡ ದಿನಗಳು. ಹೊನೊಲುಲುವಿನಲ್ಲಾದರೆ ಡೈಮಂಡ್ ಹೆಡ್ ಗುಡ್ಡದ ಮಗ್ಗುಲಿನ ಕಾಪಿಯೊಲಾನಿ ಕಾಲೇಜಿನ ಶನಿವಾರದ ಸಂತೆ. ಆದರೆ ಸಂತೆಯಲ್ಲಿ ಸಿಕ್ಕಿದ್ದೆಲ್ಲ ಅಲ್ಲಿ ಬೆಳೆದದ್ದಲ್ಲ. ಸಗಟು ಅಂಗಡಿಯಿಂದ ತಂದ ಸೇಬು, ದ್ರಾಕ್ಷಿ, ಬೆಳ್ಳುಳ್ಳಿಯನ್ನು ರಾಶಿ ಹಾಕಿ ಕೂರುವವರೂ ಉಂಟು. ಒಂದೇ ಮಳಿಗೆಯಲ್ಲಿ ಎಲ್ಲ ಕಾಲದ ಎಲ್ಲ ಹಣ್ಣೂ ಇದ್ದರೆ ಮುಂದೆ ನಡೆಯುವುದು ಒಳ್ಳೆಯದು. ನಾಲ್ಕೇ ಬಗೆ ಇಟ್ಟುಕೊಂಡು, ಯಾವ ತೋಟ, ಎಂದು ಕಿತ್ತದ್ದು ಎಂದು ಕೇಳಿದರೆ ತಡವರಿಸದೆ ಹೇಳುವವರ ಹತ್ತಿರ ಕೊಳ್ಳಬೇಕು. ಸಣ್ಣ ಹುಳಿ ಬಾಳೆ, ಪರಂಗಿ, ಬೆಣ್ಣೆಹಣ್ಣು, ಬೇಸಿಗೆಗೆ ಲಿಚಿ, ಚಳಿಗಾಲದ ಕಡೆಗೆ ರಂಬುಟಾನ್ ಇವು ಹಿಲೋದ ಖಾಸಾ ಸರಕು. ಮೌಯಿಯ ಕುಲಾ ಇಳಿಜಾರಿನ ಸಿಹಿ ಈರುಳ್ಳಿ, ಮೊಲೊಕಾಯಿಯ ನೇರಳೆ ಗೆಣಸು ಕಂಡರೆ ಬಿಡಬಾರದು. ದೊಡ್ಡ ಅಂಗಡಿಗಳಲ್ಲಿಯೂ ದಾರಿ ಇಲ್ಲದಿಲ್ಲ. 1916ರಲ್ಲಿ ಹಿಲೋದಲ್ಲಿ ತಾನಿಗುಚಿ ದಂಪತಿ ತೆರೆದ ಕೆಟಿಎ ಅಂಗಡಿ 1992ರಿಂದ 'ಮೌಂಟನ್ ಆಪಲ್' ಎಂಬ ಹೆಸರಿನಲ್ಲಿ ದ್ವೀಪದ ರೈತರ ಮಾಲನ್ನೇ ಬೇರೆಯಾಗಿ ಮಾರುತ್ತಿದೆ.

ಇಷ್ಟಾದರೂ ಪ್ರವಾಸಿಗರ ಕಣ್ಣು ಅನಾನಸಿನಿಂದ ಆಚೆ ಹೋಗುವುದಿಲ್ಲ. ಆ ನೆಲದ ನಿಜವಾದ ಅನ್ನ ಕೆಸು. ಅಲ್ಲಿಯವರು 'ಕಲೊ' ಎನ್ನುತ್ತಾರೆ. ಆಕಾಶದೇವ ವಾಕೆಯಾನ ಮೊದಲ ಗಂಡುಮಗು ಸತ್ತೇ ಹುಟ್ಟಿತು, ಹೂತ ಜಾಗದಲ್ಲಿ ಕೆಸು ಚಿಗುರಿತು, ಎರಡನೆಯ ಮಗುವಿನಿಂದ ಮನುಷ್ಯಕುಲ ಬೆಳೆಯಿತು ಎಂಬುದು ಅವರ ಪುರಾಣ. ಅಂದರೆ ಕೆಸು ಅವರಿಗೆ ಒಡಹುಟ್ಟಿದ ಅಣ್ಣ. ಕವಾಯಿ ದ್ವೀಪದ ಹನಲೇ ಕಣಿವೆಯಲ್ಲಿ ಹರಿವ ನೀರನ್ನು ಹಾಯಿಸಿ ಮಾಡಿದ ಕೆಸುವಿನ ಗದ್ದೆಗಳನ್ನು ದೂರದಿಂದ ನೋಡಿದ ಕರಾವಳಿಯವರಿಗೆ ಊರಿನ ಭತ್ತದ ಗದ್ದೆ ನೆನಪಾಗದಿರದು. ಗೆಡ್ಡೆಯನ್ನು ಬೇಯಿಸಿ, ಕಲ್ಲಿನಿಂದ ಕುಟ್ಟಿ, ನೀರು ಬೆರೆಸಿ ಮಾಡುವ 'ಪೊಯ್' ಎರಡು ದಿನ ಇಟ್ಟರೆ ಹುಳಿಯಾಗುತ್ತದೆ. ಹುಳಿ ಬಂದಮೇಲೆಯೇ ಅದಕ್ಕೆ ರುಚಿ. ಎಲೆಯಲ್ಲಿ ಹಂದಿಮಾಂಸ ಸುತ್ತಿ ಹಬೆಯಲ್ಲಿ ಬೇಯಿಸಿದರೆ 'ಲಾವ್‌ಲಾವ್'. ಪತ್ರೊಡೆ ಮಾಡುವ ಮನೆಗಳಲ್ಲಿ ಕೆಸುವಿನ ತುರಿಕೆಗೆ ಹುಣಸೆಹುಳಿ ಹಾಕುತ್ತಾರೆ. ಹವಾಯಿಯವರು ಗಂಟೆಗಟ್ಟಲೆ ಬೇಯಿಸಿ ಅದನ್ನು ಅಡಗಿಸುತ್ತಾರೆ. ಜೀಗುಜ್ಜೆಯೂ ಅಲ್ಲಿದೆ, 'ಉಲು' ಎಂಬ ಹೆಸರಿನಲ್ಲಿ. ಬೇಡಿಕೆ ಇಲ್ಲದೆ ಮರದಡಿ ಕೊಳೆಯುತ್ತಿದ್ದ ಕಾಯಿಗೆ 2016ರಲ್ಲಿ ರೈತರು ಸಹಕಾರ ಸಂಘ ಕಟ್ಟಿಕೊಂಡರು. ಈಗ ಬೇಯಿಸಿ ಹೆಚ್ಚಿದ ಹೋಳು ಪ್ಯಾಕೆಟ್‌ನಲ್ಲಿ ಸಿಗುತ್ತದೆ. ಇದು ಮೆಚ್ಚಬೇಕಾದ ಕೆಲಸ.

ಮಾಂಸದ ಕತೆ ಇನ್ನೂ ವಿಚಿತ್ರ. 1793ರಲ್ಲಿ ಕ್ಯಾಪ್ಟನ್ ವ್ಯಾಂಕೂವರ್ ದೊರೆ ಕಮೆಹಮೆಹಾನಿಗೆ ಕೆಲವು ದನಗಳನ್ನು ಕಾಣಿಕೆ ಕೊಟ್ಟ. ಹತ್ತು ವರ್ಷ ಅವನ್ನು ಯಾರೂ ಕೊಲ್ಲಕೂಡದೆಂದು ಕಟ್ಟಳೆಯಾಯಿತು. ದನ ಸಾವಿರಗಟ್ಟಲೆಯಾಗಿ ಹೊಲ, ಕಾಡು ಎಲ್ಲ ತುಳಿದವು. ಹಿಡಿಯಲು 1830ರ ದಶಕದಲ್ಲಿ ಮೆಕ್ಸಿಕನ್ ಸವಾರರನ್ನು ಕರೆಸಬೇಕಾಯಿತು. 1847ರಲ್ಲಿ ವೈಮೇಯಾದಲ್ಲಿ ಶುರುವಾದ ಪಾರ್ಕರ್ ರ್‍ಯಾಂಚ್ ಇಂದಿಗೂ ಅಮೆರಿಕದ ದೊಡ್ಡ ದನದ ಹುಲ್ಲುಗಾವಲುಗಳಲ್ಲೊಂದು. ಆದರೆ ಅಲ್ಲಿ ಹುಟ್ಟಿದ ಕರುಗಳಲ್ಲಿ ಬಹುಪಾಲು ಹಡಗು ಹತ್ತಿ ಅಮೆರಿಕದ ಮುಖ್ಯನೆಲಕ್ಕೆ ಹೋಗುತ್ತವೆ. ಕೊಬ್ಬಿಸುವ ಮೇವು, ಕೊಯ್ಯುವ ಸೌಕರ್ಯ ಎರಡೂ ದ್ವೀಪದಲ್ಲಿ ಸಾಲದು. ಅಂಗಡಿಯಲ್ಲಿನ ಮಾಂಸ ಅದೇ ಸಮುದ್ರ ದಾಟಿ ವಾಪಸು ಬರುತ್ತದೆ. ಕೊನೆಯವರೆಗೂ ಹುಲ್ಲಿನಲ್ಲೇ ಬೆಳೆದು ದ್ವೀಪದಲ್ಲೇ ಕೊಯ್ದದ್ದು ಬೇಕೆಂದರೆ ಹಾಗೆಂದೇ ಕೇಳಿ ಕೊಳ್ಳಬೇಕು. ಅದರಲ್ಲಿ ಕೊಬ್ಬು ಕಡಿಮೆ, ಹುಲ್ಲಿನ ಗಂಧ ಹೆಚ್ಚು. ನಿಧಾನ ಉರಿಯಲ್ಲಿ ಬೇಯಿಸಿದರೆ ಅದರ ರುಚಿ ತಿಳಿಯುತ್ತದೆ.

ಇನ್ನೂ ಮೇಲಿನ ಮಾಂಸ ಒಂದಿದೆ. ನಾಗರಹೊಳೆ, ಬಂಡೀಪುರಗಳಲ್ಲಿ ಕಾಣುವ ಚುಕ್ಕೆ ಜಿಂಕೆಯದೇ ಸಂತತಿ ಅದು. ಭಾರತ ಮೂಲದ ಕೆಲವು ಜಿಂಕೆಗಳು ಹಾಂಗ್‌ಕಾಂಗ್ ಮಾರ್ಗವಾಗಿ 1868ರ ಹೊತ್ತಿಗೆ ಐದನೆಯ ಕಮೆಹಮೆಹಾ ದೊರೆಗೆ ಉಡುಗೊರೆಯಾಗಿ ಬಂದು ಮೊಲೊಕಾಯಿ ಸೇರಿದವು. 1959ರಲ್ಲಿ ಮೌಯಿಗೂ ಬಿಟ್ಟರು. ಹುಲಿಯಿಲ್ಲ, ಚಿರತೆಯಿಲ್ಲ, ಸೀಳುನಾಯಿಯಿಲ್ಲ. ಹಿಂಡು ಹಿಂಡಾಗಿ ಹುಲ್ಲುಗಾವಲು ಬೋಳಿಸಿ, ಬೇಲಿ ಮುರಿದು, ಮಣ್ಣು ಕೊಚ್ಚಿಹೋಗಿ ಹವಳದ ದಿಬ್ಬಗಳ ಮೇಲೆ ಕೂರುವಂತೆ ಮಾಡಿದವು. ಬರ ಬಿದ್ದ 2021ರಲ್ಲಿ ರಾಜ್ಯಪಾಲರು ಈ ಜಿಂಕೆಗಳಿಗಾಗಿಯೇ ತುರ್ತುಸ್ಥಿತಿ ಸಾರಿದರು. ಮೌಯಿ ನೂಯಿ ವೆನಿಸನ್ ಎಂಬ ಸಂಸ್ಥೆ ರಾತ್ರಿ ಹೊತ್ತು, ಶಾಖ ಗುರುತಿಸುವ ಕ್ಯಾಮೆರಾದ ನೆರವಿನಿಂದ, ಸರ್ಕಾರಿ ತಪಾಸಕರ ಎದುರಿನಲ್ಲೇ ಅವನ್ನು ಹೊಡೆದು ಮಾಂಸ ಮಾರುತ್ತದೆ. ಬೆದರದೆ ಸತ್ತ ಪ್ರಾಣಿಯ ಮಾಂಸ ಮೆತ್ತಗಿರುತ್ತದೆ, ಕಾಡುವಾಸನೆ ಹೊಡೆಯುವುದಿಲ್ಲ. 1972ರ ವನ್ಯಜೀವಿ ಕಾಯ್ದೆ ಇಲ್ಲಿ ಮುಟ್ಟಲು ಬಿಡದ, ಬಿಡಲೂಬಾರದ ಪ್ರಾಣಿಯನ್ನು ಅಲ್ಲಿ ತಿನ್ನುವುದೇ ಆ ನೆಲಕ್ಕೆ ಉಪಕಾರ. ಹಡಗಿನ ಹಂಗಿಲ್ಲದ, ಮೇವು ಕೇಳದ, ತಿಂದಷ್ಟೂ ಕಾಡು ಉಳಿಯುವ ಮಾಂಸ ಇದು. ಮಾಂಸ ತಿನ್ನುವವರು ದ್ವೀಪದಲ್ಲಿ ಮೊದಲು ಕೇಳಬೇಕಾದದ್ದೂ ಇದನ್ನೇ.

ಹೋಗುವ ಕನ್ನಡಿಗರಿಗೆ ಎರಡು ಮಾತು. ಉಳಿಯುವ ಮನೆಗೆ ಅಡುಗೆಮನೆ ಇರಲಿ. ಸಂತೆಗೆ ಬೆಳಿಗ್ಗೆ ಬೇಗ ಹೋಗಿ. ಸೊಪ್ಪನ್ನು ಒಂದೊಂದು ಎಲೆ ಬಿಡಿಸಿ ತೊಳೆಯಿರಿ. ಬಸವನಹುಳುಗಳ ಮೂಲಕ ಹರಡಿ ಮಿದುಳಿಗೆ ತಾಗುವ ಒಂದು ಪರೋಪಜೀವಿ ಹುಳು ಹಿಲೋ ಇರುವ ದೊಡ್ಡ ದ್ವೀಪದ ಪುನಾ ಕಡೆ ಹೆಚ್ಚು. ಮತ್ತೆ, ಮುಖ್ಯನೆಲದ ವಿಮಾನ ಹತ್ತುವ ಮೊದಲು ಕೃಷಿ ತಪಾಸಣೆ ಇರುತ್ತದೆ. ಅನಾನಸ್, ತೆಂಗಿನಕಾಯಿಗೆ ಅಡ್ಡಿಯಿಲ್ಲ. ಸಂತೆಯಲ್ಲಿ ಕೊಂಡ ರಂಬುಟಾನ್, ಲಿಚಿಯನ್ನು ಒಯ್ಯಲು ಬಿಡುವುದಿಲ್ಲ. ಅವನ್ನು ಅಲ್ಲೇ ತಿಂದು ಮುಗಿಸಿ.