ಓದುವ ಆ್ಯಪ್‌ನ ಟೂಲ್‌ಬಾರ್: ಬೆರಳಿನ ಲೆಕ್ಕ ತಪ್ಪಿದ್ದೆಲ್ಲಿ?

ಕಿಂಡಲ್‌ನಂಥ ಆ್ಯಪ್‌ಗಳಲ್ಲಿ ನೀವು ಪುಸ್ತಕ ಓದಿರಬಹುದು. ಪರದೆಯ ತುಂಬ ಅಕ್ಷರಗಳೇ. ಪುಟದ ನಡುವೆ ಬೆರಳು ತಾಗಿಸಿದಾಗ ಟೂಲ್‌ಬಾರ್ ಕಾಣಿಸಿಕೊಳ್ಳುತ್ತದೆ. ಚಿಕ್ಕ ಪರದೆಗೆ ಇದು ತಕ್ಕ ಏರ್ಪಾಡೇ. ತೊಂದರೆ ಇರುವುದು ಗುಂಡಿಗಳ ಸ್ಥಾನ ಮತ್ತು ಅಳತೆಯಲ್ಲಿ.

ಅಮೆರಿಕದ ಮನೋವಿಜ್ಞಾನಿ ಪಾಲ್ ಫಿಟ್ಸ್ 1954ರಲ್ಲಿ ಒಂದು ನಿಯಮವನ್ನು ಮಂಡಿಸಿದರು. ಗುರಿಯ ದೂರದ ಎರಡರಷ್ಟನ್ನು ಅದರ ಅಗಲದಿಂದ ಭಾಗಿಸಿ, ಆಧಾರ 2ರ ಲಾಗರಿದಮ್ ತೆಗೆದರೆ ಕಷ್ಟದ ಸೂಚ್ಯಂಕ ದೊರೆಯುತ್ತದೆ. ಅದು ಹೆಚ್ಚಿದಂತೆ ಗುರಿ ಮುಟ್ಟುವ ಕಾಲವೂ ಹೆಚ್ಚುತ್ತದೆ. ಗುಂಡಿಯ ಅಗಲ 0.75 ಸೆಂ.ಮೀ. ಎಂದಿಟ್ಟುಕೊಳ್ಳಿ. ಅದು ಹೆಬ್ಬೆರಳಿನಿಂದ 12 ಸೆಂ.ಮೀ. ದೂರದ ಮೇಲಂಚಿನಲ್ಲಿದ್ದರೆ ಸೂಚ್ಯಂಕ 5, 3 ಸೆಂ.ಮೀ. ದೂರದಲ್ಲಿದ್ದರೆ 3 ಮಾತ್ರ. ಹೀಗಿದ್ದೂ ಪದೇ ಪದೇ ಬೇಕಾಗುವ ಗುಂಡಿಗಳನ್ನು ಮೇಲಂಚಿನಲ್ಲಿಡುವುದು ಹಲವು ಆ್ಯಪ್‌ಗಳ ರೂಢಿ.

ಪುಟ ಹಾರಿಸುವ ಜಾರುಪಟ್ಟಿಯ ದೋಷ ಇನ್ನೂ ದೊಡ್ಡದು. 6 ಸೆಂ.ಮೀ. ಪಟ್ಟಿಯಲ್ಲಿ 300 ಪುಟಗಳಿದ್ದರೆ ಒಂದು ಪುಟಕ್ಕೆ ಸಿಗುವುದು 0.2 ಮಿ.ಮೀ. ಬೆರಳ ತುದಿ ಸುಮಾರು 1 ಸೆಂ.ಮೀ. ಅಗಲ, ಅದರಡಿ 50 ಪುಟಗಳು! ಮೀಟರು ಕೋಲಿನಿಂದ ತಂತಿಯ ವ್ಯಾಸ ಅಳೆಯುವ ವಿದ್ಯಾರ್ಥಿಗೆ ಲೀಸ್ಟ್ ಕೌಂಟ್ ನೆನಪಿಸುವ ನಾವು ಇಲ್ಲೇಕೆ ಸುಮ್ಮನಿರಬೇಕು?

ಅಕ್ಷರದ ಗಾತ್ರ ಬದಲಿಸಿದರೆ ಪರದೆಯ ಪುಟವೂ ಬದಲಾಗುತ್ತದೆ. ಆಗ "142ನೇ ಪುಟ ತೆಗೆಯಿರಿ" ಎಂಬ ಶಿಕ್ಷಕರ ಮಾತಿಗೆ ತರಗತಿಯಲ್ಲಿ ಅರ್ಥವೇ ಉಳಿಯದು. ಮುದ್ರಿತ ಪುಟಸಂಖ್ಯೆ ಬರೆಯುವ ಚೌಕ, ಅಧ್ಯಾಯಗಳ ಗುರುತು, ಹಿಂದಿನ ಜಾಗಕ್ಕೆ ಮರಳುವ ಗುಂಡಿ ಇವು ಮೂರೂ ಹೆಬ್ಬೆರಳಿನ ಹತ್ತಿರವಿರಲಿ. ಮಕ್ಕಳಿಗೆ ಆ್ಯಪ್ ಸೂಚಿಸುವ ಮುನ್ನ ನೀವೂ ಅಳತೆಪಟ್ಟಿ ಹಿಡಿದು ಪರೀಕ್ಷಿಸಿ.