ಇಪ್ಪತ್ತೈದನೆಯ ಪ್ಯಾರಾ

ರಫೇಲ್ ತೀರ್ಪನ್ನು ನಾನು ಮತ್ತೆ ಮತ್ತೆ ತೆರೆದು ನೋಡುವುದು ಅದರ ಇಪ್ಪತ್ತೈದನೆಯ ಪ್ಯಾರಾಕ್ಕಾಗಿ. 36 ಯುದ್ಧವಿಮಾನಗಳ ಬೆಲೆಯ ವಿವರ ಮಹಾಲೇಖಪಾಲರಿಗೆ (ಸಿಎಜಿ) ಸಿಕ್ಕಿದೆ, ಸಿಎಜಿ ವರದಿಯನ್ನು ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಪರಿಶೀಲಿಸಿದೆ ಎಂದು ಸುಪ್ರೀಂ ಕೋರ್ಟ್ 2018ರ ಡಿಸೆಂಬರ್ 14ರಂದು ಅಲ್ಲಿ ಬರೆಯಿತು. ಅಂಥ ವರದಿ ಆಗ ಸಂಸತ್ತಿಗೆ ಬಂದೇ ಇರಲಿಲ್ಲ. ಸಮಿತಿಯ ಅಧ್ಯಕ್ಷರಾಗಿದ್ದವರು ಕಲಬುರಗಿಯ ಸಂಸದ ಮಲ್ಲಿಕಾರ್ಜುನ ಖರ್ಗೆ. ತಾವು ಅದನ್ನು ಕಂಡಿಲ್ಲ ಎಂದರು. ಮರುದಿನವೇ ಸರ್ಕಾರ ತಿದ್ದುಪಡಿ ಕೋರಿತು: ತಾನು ನ್ಯಾಯಾಲಯಕ್ಕೆ ಕೊಟ್ಟ ಟಿಪ್ಪಣಿಯಲ್ಲಿ ಹೇಳಿದ್ದು ರೂಢಿಯಲ್ಲಿರುವ ಪದ್ಧತಿಯನ್ನು, ನ್ಯಾಯಾಲಯ ಅದನ್ನು ನಡೆದುಹೋದ ಸಂಗತಿ ಎಂದು ಓದಿಕೊಂಡಿದೆ ಎಂಬುದು ಅದರ ವಾದ.

ಆ ಟಿಪ್ಪಣಿ ಪೀಠದ ಕೈ ಸೇರಿದ್ದು ಮುಚ್ಚಿದ ಲಕೋಟೆಯಲ್ಲಿ. ಖರೀದಿಯನ್ನು ಪ್ರಶ್ನಿಸಿದ್ದ ಅರ್ಜಿದಾರರ ವಕೀಲರಿಗೆ ಅದು ಒಂದು ಸಂಜೆಯ ಮಟ್ಟಿಗೆ ಸಿಕ್ಕಿದ್ದರೂ ಈ ತಪ್ಪು ತೀರ್ಪಿನವರೆಗೆ ಬರುತ್ತಿರಲಿಲ್ಲ.

ಪೀಠ ಕೈಕಟ್ಟಿ ಕುಳಿತಿತ್ತು ಎನ್ನಲಾರೆ. ಖರೀದಿ ನಿರ್ಧಾರದ ಹಂತಗಳ ವಿವರವನ್ನು ಅರ್ಜಿದಾರರಿಗೆ ಕೊಡಿಸಿತು, ವಾಯುಪಡೆಯ ಅಧಿಕಾರಿಗಳನ್ನೇ ಕರೆಸಿ ಕೇಳಿತು. ಬೆಲೆಯ ಬಿಡಿ ವಿವರದಿಂದ ವಿಮಾನದಲ್ಲಿ ಯಾವ ಶಸ್ತ್ರವಿದೆ ಎಂದು ಶತ್ರು ಊಹಿಸಬಹುದೆಂಬ ಆತಂಕವೂ ಸುಳ್ಳಲ್ಲ. ಆದರೆ ಹಳೆಯ ಯೋಜನೆಯ 126 ವಿಮಾನಗಳಲ್ಲಿ 108ನ್ನು ಬೆಂಗಳೂರಿನ ಎಚ್‌ಎಎಲ್ ಕಟ್ಟಬೇಕಿತ್ತು ಎಂಬ ವಿಷಯವನ್ನು ನೋಡಿ. ಅದರ ವಾದ ಬಯಲಲ್ಲೇ ನಡೆಯಿತು. ನ್ಯಾಯಾಲಯದ ಉತ್ತರ ನನಗೆ ಒಪ್ಪಿಗೆಯಾಗದಿದ್ದರೂ ಎಲ್ಲಿ ಒಪ್ಪಿಲ್ಲ ಎಂದು ಬೆರಳಿಟ್ಟು ತೋರಿಸಬಲ್ಲೆ. ಬೆಲೆಯ ಮಾತಿನಲ್ಲಿ ಬೆರಳಿಡಲು ಜಾಗವೇ ಇಲ್ಲ. 2019ರ ಫೆಬ್ರವರಿಯಲ್ಲಿ ಕೊನೆಗೂ ಮಂಡನೆಯಾದ ಸಿಎಜಿ ವರದಿ ಹಳೆಯ ದರಕ್ಕಿಂತ ಶೇ 2.86ರಷ್ಟು ಅಗ್ಗ ಎಂದಿತು. ದರದ ಅಂಕಿಗಳನ್ನು ಅದರಲ್ಲೂ ಮರೆಮಾಡಲಾಗಿತ್ತು.

ಆ ವರ್ಷದ ನವೆಂಬರ್ 14ರಂದು ಮರುಪರಿಶೀಲನಾ ಅರ್ಜಿಗಳು ವಜಾ ಆದವು. ಪ್ಯಾರಾದ ವಾಕ್ಯ ತಿದ್ದಲ್ಪಟ್ಟಿತು. ಒಂದೇ ಪಕ್ಷದ ಕಾಗದವನ್ನು ಪೀಠವೊಂದೇ ಓದುವ ಕ್ರಮಕ್ಕೆ ಏಟು ಬೀಳಲಿಲ್ಲ.

ಏಟು ಬಿದ್ದದ್ದು 2023ರ ಏಪ್ರಿಲ್ 5ರಂದು, ಮೀಡಿಯಾಒನ್ ವಾಹಿನಿಯ ಪ್ರಕರಣದಲ್ಲಿ. ಮುಚ್ಚಿದ ಲಕೋಟೆ ಸಹಜ ನ್ಯಾಯಕ್ಕೆ ಧಕ್ಕೆ ಎಂದ ಅದೇ ನ್ಯಾಯಾಲಯ ಬೇರೊಂದು ದಾರಿ ತೋರಿಸಿತು: ಗೋಪ್ಯತೆಯ ಕೋರಿಕೆ ಬಂದಾಗ ನ್ಯಾಯಾಲಯಕ್ಕೆ ನೆರವಾಗುವ ವಕೀಲರನ್ನು, ಅಂದರೆ ಅಮಿಕಸ್ ಕ್ಯೂರಿಯನ್ನು, ನೇಮಿಸಬಹುದು. ಅವರು ಮೊದಲು ಅರ್ಜಿದಾರರ ವಕೀಲರ ಮಾತು ಕೇಳಿಕೊಳ್ಳುತ್ತಾರೆ, ಆಮೇಲೆ ಕಾಗದ ನೋಡುತ್ತಾರೆ, ನೋಡಿದ್ದನ್ನು ಹೊರಗೆ ಹೇಳುವುದಿಲ್ಲವೆಂಬ ಪ್ರಮಾಣಕ್ಕೆ ಬದ್ಧರಾಗಿರುತ್ತಾರೆ. 2018ರಲ್ಲಿ ಅಂಥವರೊಬ್ಬರು ಕೇಳಬೇಕಿದ್ದ ಪ್ರಶ್ನೆ ಚಿಕ್ಕದು: ಆ ವರದಿ ಎಲ್ಲಿದೆ?